ಮರಳಿದ್ದು ಎಲ್ಲಿಂದ, ಎಲ್ಲಿಗೆ?

ಪ್ರಿಯರೆ,

ಜಪಾನಿನ ಏಷ್ಯನ್ ಕುಂಗ್‌ಫು ಜನರೇಷನ್ ಎಂಬ ರಾಕ್ ತಂಡದ ‘ಸರ್ಫ್ ಬುಂಗಕು ಕಮಕುರ’ ಆಲ್ಬಮ್ಮಿನ ಸಂಪೂರ್ಣ ಆವೃತ್ತಿಯನ್ನು ಕುರಿತು ನೀವು ಕಳುಹಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಒಪ್ಪಿಗೆಯಾಗದ ಬರಹಕ್ಕೆ ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗುವುದು ನಮ್ಮ ರೂಢಿ. ಅದನ್ನು ಬಿಟ್ಟು ಇಷ್ಟುದ್ದ ಬರೆಯುತ್ತಿರುವುದಕ್ಕೆ ನಿಮ್ಮ ನಾಲ್ಕನೆಯ ಪುಟದಲ್ಲಿರುವ ಒಂದು ಪ್ಯಾರಾ ಕಾರಣ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಹದಿನೈದು ವರ್ಷ ದಾರಿ ತಪ್ಪಿ ಅಲೆದ ತಂಡ 2023ರ ಜುಲೈಯಲ್ಲಿ ಬಂದ ಈ ಆಲ್ಬಮ್ಮಿನೊಂದಿಗೆ ‘ತನ್ನ ಹಳೆಯ ಲಯಕ್ಕೆ ಮರಳಿದೆ’ ಎನ್ನುವುದು ನಿಮ್ಮ ಬರಹದ ಏಕೈಕ ಪ್ರತಿಪಾದನೆ. ಅದನ್ನು ಐದು ಕಡೆ ಹೇಳಿದ್ದೀರಿ, ಒಂದು ಕಡೆಯೂ ತೋರಿಸಿಲ್ಲ. ಮರಳಿತು ಎನ್ನುವವರು ಅದು ಹೋಗಿದ್ದೆಲ್ಲಿಗೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. 2008ರ ನವೆಂಬರಿನಲ್ಲಿ ಮೊದಲ ‘ಕಮಕುರ’ ಬಂದ ಮೇಲೆ ಈ ನಾಲ್ವರು ಕೈಕಟ್ಟಿ ಕೂತಿರಲಿಲ್ಲ. 2010, 2012, 2015, 2018 ಮತ್ತು 2022ರಲ್ಲಿ ಐದು ಪೂರ್ಣ ಆಲ್ಬಮ್‌ಗಳನ್ನು ತಂದರು. ಅವುಗಳಲ್ಲಿ 2015ರದನ್ನು ಅಮೆರಿಕದ ಫೂ ಫೈಟರ್ಸ್ ತಂಡದ ಸ್ವಂತ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿಕೊಂಡರು. 2016ರಲ್ಲಂತೂ ತಮಗೆ ಹೆಸರು ತಂದುಕೊಟ್ಟ 2004ರ ‘ಸೋಲ್‌ಫಾ’ ಆಲ್ಬಮ್ಮನ್ನೇ ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ನುಡಿಸಿ ಹೊರತಂದರು. ಇವುಗಳಲ್ಲಿ ಒಂದರ ಪ್ರಸ್ತಾಪವೂ ನಿಮ್ಮಲ್ಲಿಲ್ಲ. ಅವನ್ನೆಲ್ಲ ಕೇಳಿ, ಹಿಡಿಸಲಿಲ್ಲ ಎಂದು ಬರೆದಿದ್ದರೆ ನಾನು ಜಗಳಕ್ಕೆ ಬರುತ್ತಿರಲಿಲ್ಲ. ಕೇಳಿದ ಕುರುಹೇ ಇಲ್ಲದ ಕಾಲವನ್ನು ‘ಬರಗಾಲ’ ಎಂದು ಕರೆದಿರುವುದು ನನ್ನ ತಕರಾರು.

ಅಷ್ಟಕ್ಕೂ, ನೀವು ಆರಿಸಿಕೊಂಡ ಆಲ್ಬಮ್ ‘ಮರಳುವಿಕೆ’ ಎಂಬ ಮಾತಿಗೆ ಸುಲಭವಾಗಿ ಒಗ್ಗುವಂಥದಲ್ಲ, ಅದರ ಸ್ವಾರಸ್ಯ ಇರುವುದೇ ಅಲ್ಲಿ. ಕನಗವ ಪ್ರಾಂತ್ಯದ ಫುಜಿಸವದಿಂದ ಕಮಕುರದವರೆಗೆ ಎನೊದೆನ್ ಎಂಬ ಪುಟ್ಟ ರೈಲು ಓಡುತ್ತದೆ. ಅದರದು ಸುಮಾರು 10 ಕಿಲೋಮೀಟರಿನ ಒಂಟಿ ಹಳಿ. ಒಂದೆಡೆ ಕಾರುಗಳ ನಡುವೆ ಬೀದಿಯಲ್ಲೇ ಸಾಗಿ, ಮುಂದೆ ಕಡಲಿನ ಅಂಚನ್ನು ಹಿಡಿಯುವ ಈ ದಾರಿಯಲ್ಲಿ 15 ನಿಲ್ದಾಣಗಳಿವೆ. 2008ರ ಆಲ್ಬಮ್ಮಿನಲ್ಲಿದ್ದದ್ದು 10 ಹಾಡುಗಳು, ಪ್ರತಿ ಹಾಡಿನ ಶೀರ್ಷಿಕೆಯಲ್ಲೂ ಒಂದೊಂದು ನಿಲ್ದಾಣದ ಹೆಸರು, ಅದೂ ರೈಲು ಸಾಗುವ ಕ್ರಮದಲ್ಲಿಯೇ. ಅಂದರೆ ಐದು ನಿಲ್ದಾಣಗಳಲ್ಲಿ ಆ ರೈಲು ನಿಂತಿರಲಿಲ್ಲ. 2023ರಲ್ಲಿ ತಂಡ ಹಳೆಯ ಹತ್ತನ್ನು ಮತ್ತೆ ಧ್ವನಿಮುದ್ರಿಸಿ, ಬಿಟ್ಟುಹೋಗಿದ್ದ ಐದಕ್ಕೆ ಹೊಸ ಹಾಡುಗಳನ್ನು ಕಟ್ಟಿ, ಅವನ್ನು ಕೊನೆಯಲ್ಲಿ ಬಾಲದಂತೆ ಅಂಟಿಸದೆ, ಆಯಾ ನಿಲ್ದಾಣ ಬರುವ ಜಾಗದಲ್ಲಿಯೇ ಕೂರಿಸಿತು. ಇದನ್ನು ಹಳೆಯ ಲಯಕ್ಕೆ ಮರಳಿದ್ದು ಎನ್ನಬೇಕೋ, ಅರ್ಧಕ್ಕೆ ಬಿಟ್ಟ ಪ್ರಯಾಣವನ್ನು ಮುಗಿಸಿದ್ದು ಎನ್ನಬೇಕೋ? ನಾನು ಎರಡನೆಯದರ ಕಡೆಗಿದ್ದೇನೆ. ನೀವು ಮೊದಲನೆಯದನ್ನೇ ವಾದಿಸಬಹುದು, ಆದರೆ ವಾದಿಸಬೇಕು.

ಐದು ಹೊಸ ಹಾಡುಗಳನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಅವುಗಳಲ್ಲಿ ಎರಡರ ಹೆಸರು ಇಂದಿನ ನಕ್ಷೆಯಲ್ಲಿ ಸಿಗುವುದಿಲ್ಲ ಎಂಬುದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ‘ನಿಶಿಕತ’ ಎಂಬುದು ಈಗಿನ ಶೋನನ್ ಕೈಗನ್ ಕೋಎನ್ ನಿಲ್ದಾಣದ ಹಳೆಯ ಹೆಸರು, ‘ನಿಸ್ಸಕ’ ಎಂಬುದು ಕಮಕುರ ಕೋಕೋಮಎಯ ಹಳೆಯ ಹೆಸರು. ಆ ಕೋಕೋಮಎಯ ರೈಲ್ವೆ ಗೇಟು ಬ್ಯಾಸ್ಕೆಟ್‌ಬಾಲಿನ ಒಂದು ಅನಿಮೆಯಿಂದಾಗಿ (ಜಪಾನಿ ಕಾರ್ಟೂನ್ ಸರಣಿ) ಜಗತ್ಪ್ರಸಿದ್ಧ. ಫೋಟೊ ತೆಗೆಯುವವರ ಗುಂಪು ಅಲ್ಲಿ ಕರಗುವುದೇ ಇಲ್ಲ. ಎಲ್ಲರಿಗೂ ಗೊತ್ತಿರುವ ಹೆಸರನ್ನು ಬದಿಗಿಟ್ಟು, ಊರಿನ ಹಳಬರ ನೆನಪಿನಲ್ಲಿ ಉಳಿದಿರಬಹುದಾದ ಹೆಸರನ್ನು ಹಾಡಿಗೆ ಇಟ್ಟಿದ್ದಾರೆ. ‘ಮರಳುವಿಕೆ’ಯ ಬಗ್ಗೆ ಬರೆಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಕ್ಕೀತು!

ಇನ್ನು ಸಂಗೀತದ ಮಾತು. ಆರು ಪುಟಗಳ ಬರಹದಲ್ಲಿ ‘ಅದ್ಭುತ’ ಹನ್ನೊಂದು ಸಲ, ‘ಮೈನವಿರೇಳಿಸುವ’ ಏಳು ಸಲ ಬಂದಿದೆ. ಡ್ರಮ್ಸ್ ಎಂಬ ಪದ ಒಮ್ಮೆಯೂ ಇಲ್ಲ. ಕಿಯೊಶಿ ಇಜಿಚಿಯವರ ಡ್ರಮ್ಸನ್ನು ಉಲ್ಲೇಖಿಸದೆ ಈ ತಂಡದ ಬಗ್ಗೆ ಬರೆಯುವುದು, ಮದ್ದಳೆಯ ಸುದ್ದಿಯೆತ್ತದೆ ಯಕ್ಷಗಾನದ ಬಗ್ಗೆ ಬರೆದಂತೆ. ನಿಮ್ಮ ಅದೃಷ್ಟಕ್ಕೆ ಈ ಆಲ್ಬಮ್ಮಿನ ವಿಮರ್ಶಕನಿಗೆ ಒಂದು ಅಪರೂಪದ ಅನುಕೂಲವಿದೆ: ಅದೇ ಹತ್ತು ಹಾಡುಗಳು, ಅದೇ ನಾಲ್ವರು, ಎರಡು ಧ್ವನಿಮುದ್ರಣಗಳು. 2008ರದನ್ನು ಹೆಚ್ಚು ತಿದ್ದದೆ, ನಾಲ್ವರೂ ಒಟ್ಟಿಗೆ ನಿಂತು ಒಂದೇ ಬೀಸಿನಲ್ಲಿ ನುಡಿಸಿ ಹಿಡಿದಿಟ್ಟಿದ್ದರು. ಅದರ ಹುರುಪೂ ಒರಟೂ ಅಲ್ಲಿಂದಲೇ ಬಂದವು. ಹಾಡುಗಾರ ಮಸಫುಮಿ ಗೊತೋ ಅವರಿಗೆ ಆಗ 31 ವರ್ಷ, 2023ರಲ್ಲಿ 46. ಮೊದಲ ಹಾಡಾದ ‘ಫುಜಿಸವ ಲೂಸರ್’ ಅನ್ನು ಎರಡೂ ಆವೃತ್ತಿಗಳಲ್ಲಿ ಹತ್ತತ್ತು ಸಲ ಕೇಳಿ, ದನಿ ಎಲ್ಲಿ ಚೀರುತ್ತಿತ್ತು, ಈಗ ಎಲ್ಲಿ ತಡೆದು ನಿಲ್ಲುತ್ತದೆ, ಗಿಟಾರುಗಳ ನಡುವಿನ ತೆರವು ಹಿಗ್ಗಿದೆಯೋ ಕುಗ್ಗಿದೆಯೋ ಎಂದು ಒಂದೂವರೆ ಪುಟ ಬರೆದರೆ, ನಿಮ್ಮ ಪ್ರತಿಪಾದನೆ ತನ್ನಷ್ಟಕ್ಕೆ ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ.

ಅನಿಮೆಗೆ ಮೀಸಲಿಟ್ಟ ಮೊದಲ ಎರಡು ಪುಟಗಳನ್ನು ತೆಗೆದುಬಿಡಿ. ನಮ್ಮ ಹುಡುಗರು ಈ ತಂಡವನ್ನು ಕಂಡುಕೊಂಡದ್ದು ‘ನರುತೊ’ದ ಆರಂಭಗೀತೆಯಿಂದ ಎಂಬುದು ನಿಜ, ನಾನೂ ಮಗನ ಕೋಣೆಯಿಂದ ಬರುತ್ತಿದ್ದ ಆ ಗದ್ದಲದಿಂದಲೇ ಕಂಡುಕೊಂಡವನು, ಅದಕ್ಕೆ ಒಂದು ವಾಕ್ಯ ಸಾಕು. 2022ರ ‘ಬೊಚ್ಚಿ ದಿ ರಾಕ್’ನ ನಾಲ್ವರು ಹುಡುಗಿಯರಿಗೆ ಈ ನಾಲ್ವರ ಮನೆತನದ ಹೆಸರುಗಳನ್ನೇ ಇಟ್ಟಿದ್ದಾರೆ ಎಂಬುದಕ್ಕೆ ಇನ್ನೊಂದು ವಾಕ್ಯ ಇರಲಿ.

ಹೆಸರುಗಳ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಾಯಿತು. ‘ಗೋಟೋ’, ‘ಈನೋಶಿಮಾ’, ‘ಕಾಮಾಕುರಾ’ ಎಂದೆಲ್ಲ ಬರೆದಿದ್ದೀರಿ. ಇವು ಇಂಗ್ಲಿಷ್ ಅಕ್ಷರಗಳನ್ನು ನೋಡಿ ಊಹಿಸಿದ ಉಚ್ಚಾರಗಳು. ಜಪಾನಿ ಭಾಷೆಯಲ್ಲಿ ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ, ಥೇಟ್ ಕನ್ನಡದ ಹಾಗೆ. ಗೊತೋ, ಎನೊಶಿಮ, ಕಮಕುರ ಎಂದು ಸರಿಯಾಗಿ ಬರೆಯುವ ಸೌಕರ್ಯ ನಮ್ಮ ಲಿಪಿಗೆ ಇರುವಾಗ, ಆ ಸೌಕರ್ಯವಿಲ್ಲದ ಲಿಪಿಯ ಮರ್ಜಿಗೆ ಬೀಳುವುದೇಕೆ? ‘ಎನೊಶಿಮ ಎಸ್ಕಾರ್’ ಎಂಬ ಶೀರ್ಷಿಕೆಯನ್ನು ‘ಎನೊಶಿಮದ ಕಾರು’ ಎಂದು ಅನುವಾದಿಸಿರುವುದೂ ಇದೇ ಅವಸರದ ಫಲ. ಎಸ್ಕಾರ್ ಎಂದರೆ ಎನೊಶಿಮ ದ್ವೀಪದ ಗುಡ್ಡವೇರಲು 1959ರಲ್ಲಿ ಹಾಕಿದ ಎಸ್ಕಲೇಟರು. ಹಣ ಕೊಟ್ಟು ಹತ್ತಬೇಕು, ಮೇಲಕ್ಕೆ ಮಾತ್ರ ಹೋಗುತ್ತದೆ, ಇಳಿಯುವುದು ನಿಮ್ಮ ಕಾಲಿನದೇ ಜವಾಬ್ದಾರಿ. ಹಾಗೆಯೇ ‘ಗೊಕುರಕುಜಿ’ಯಲ್ಲಿರುವ ಗೊಕುರಕು ಎಂದರೆ ಬೌದ್ಧರ ಸುಖದ ಲೋಕವಾದ ಸುಖಾವತಿ. ಸುಖಾವತಿಯ ಹೆಸರು ಹೊತ್ತ ನಿಲ್ದಾಣದಲ್ಲಿ ಎದೆಯೊಡೆದ ಹಾಡನ್ನು ಇಟ್ಟಿರುವ ತುಂಟತನ ಕನ್ನಡದ ಓದುಗರಿಗೆ ತಟ್ಟನೆ ಹೊಳೆಯುವಂಥದು.

ಈಗ ನಾಲ್ಕನೆಯ ಪುಟ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಕೊನೆಯ ಹಾಡನ್ನು ಕೇಳುತ್ತಾ, ನಿದ್ದೆಯಲ್ಲಿದ್ದಾಗ ಬಸ್ಸು ದಾಟಿಬಂದ ಊರುಗಳನ್ನು ಲೆಕ್ಕ ಹಾಕಲು ಹೋಗಿ ಸೋತದ್ದನ್ನು ಬರೆದಿದ್ದೀರಿ. ಅಲ್ಲಿ ‘ಅದ್ಭುತ’ ಇಲ್ಲ, ಅನಿಮೆ ಇಲ್ಲ, ‘ಮರಳಿದೆ’ ಎಂಬ ಘೋಷಣೆಯೂ ಇಲ್ಲ. ನಿಲ್ಲದೆ ದಾಟಿದ ಐದು ನಿಲ್ದಾಣಗಳ ಸಂಗತಿ ಗೊತ್ತಿಲ್ಲದೆಯೇ ನೀವು ಆಲ್ಬಮ್ಮಿನ ಮರ್ಮದ ಹತ್ತಿರ ಹೋಗಿಬಂದಿದ್ದೀರಿ.

ಆ ಪ್ಯಾರಾದಿಂದಲೇ ಬರಹವನ್ನು ಆರಂಭಿಸಿ, 2008 ಮತ್ತು 2023ರ ಧ್ವನಿಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟು, ನಡುವಿನ ಐದು ಆಲ್ಬಮ್‌ಗಳಲ್ಲಿ ಎರಡನ್ನಾದರೂ ಕೇಳಿ, 1,200 ಪದಗಳಿಗೆ ಮೀರದಂತೆ ಮತ್ತೆ ಕಳುಹಿಸಿ. ಅವಸರವಿಲ್ಲ, ಮುಂದಿನ ಎರಡು ಸಂಚಿಕೆಗಳ ಸಂಗೀತದ ಪುಟಗಳು ಈಗಾಗಲೇ ಭರ್ತಿಯಾಗಿವೆ.

ಇತಿ,
ಸಂಪಾದಕ