ಬದುಕಿದ್ದೀರಿ ಅಂತ ಬರೆಸಿಕೊಂಡು ಬನ್ನಿ

(ಓದುಗರ ಪ್ರಶ್ನೆಗಳಿಗೆ ಉಡುಪಿಯ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರ ಉತ್ತರ)

ಪ್ರಶ್ನೆ: ನನ್ನ ಅಮ್ಮನಿಗೆ 82 ವರ್ಷ. ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಪಿಎಫ್ ಪಿಂಚಣಿ ಬರುತ್ತದೆ. ಬದುಕಿದ್ದಾರೆ ಅನ್ನುವ ಜೀವನ ಪ್ರಮಾಣಪತ್ರ ಕೊಡಲು ಪ್ರತಿ ನವೆಂಬರಿನಲ್ಲಿ ರಿಕ್ಷಾ ಮಾಡಿ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ. ಈ ಸಲ ಬೆರಳಚ್ಚು ಬೀಳಲೇ ಇಲ್ಲ. "ಇವರು ಇವರೇ ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳಿದರು. ಅಮ್ಮ ಎದುರಿಗೇ ಕೂತಿದ್ದರು. ಏನು ಮಾಡಲಿ?
– ಓದುಗರು, ಕಾಪು

ಉತ್ತರ: ಎದುರಿಗೆ ಕೂತವರು ಬದುಕಿದ್ದಾರೋ ಇಲ್ವೋ ಅಂತ ಮೆಷಿನ್ ಹೇಳಬೇಕಲ್ಲ ಮಾರಾಯ್ರೆ! ಬೀಡಿ ಕಟ್ಟಿದವರ ಕೈ ನಾನು ಹತ್ತಿರದಿಂದ ನೋಡಿದವಳು. ನನ್ನ ಕೌಂಟರಿಗೆ ಬರುತ್ತಿದ್ದ ಹೆಂಗಸರ ಹೆಬ್ಬೆರಳು, ತೋರುಬೆರಳಿನ ತುದಿ ಎಲೆ ಸುತ್ತಿ ಸುತ್ತಿ ನುಣ್ಣಗಾಗಿರುತ್ತಿತ್ತು. ಉಗುರಿನ ಸುತ್ತ ಹೊಗೆಸೊಪ್ಪಿನ ಕಂದು ಬಣ್ಣ. ಹೊಸ ನೋಟು ಕೊಟ್ಟರೆ ಎಣಿಸುವಾಗ ಜಾರುತ್ತಿತ್ತು, ಹಾಗಾಗಿ ಹಳೇ ನೋಟೇ ಕೇಳಿ ಪಡೆಯುತ್ತಿದ್ದರು. ಆ ಬೆರಳಿನಲ್ಲಿ ಗೆರೆ ಹುಡುಕಿದರೆ ಎಲ್ಲಿಂದ ಸಿಗಬೇಕು?

ಬೇರೆ ದಾರಿ ಉಂಟು. 2021ರಿಂದ ಮುಖ ತೋರಿಸಿ ಜೀವನ ಪ್ರಮಾಣಪತ್ರ ಮಾಡಿಸಬಹುದು. ನಿಮ್ಮ ಮೊಬೈಲಿಗೆ ಜೀವನ್ ಪ್ರಮಾಣ್ ಆಪ್ ಮತ್ತು ಆಧಾರ್ ಫೇಸ್ ಆರ್‌ಡಿ ಆಪ್, ಎರಡನ್ನೂ ಹಾಕಿಕೊಳ್ಳಿ. ಆಧಾರ್ ನಂಬರ್, ಪಿಂಚಣಿಯ ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್ ಕೈಯಲ್ಲಿರಲಿ. ಅಮ್ಮನನ್ನು ಬೆಳಕು ಮುಖಕ್ಕೆ ಬೀಳುವ ಹಾಗೆ ಚಾವಡಿಯಲ್ಲಿ ಕೂರಿಸಿ. ಕಣ್ಣು ಮಿಟುಕಿಸಲು ಹೇಳುತ್ತದೆ, ಅಷ್ಟೇ. ಇದು ನಿಮ್ಮಿಂದ ಆಗಲಿಲ್ಲವಾದರೆ ಪೋಸ್ಟ್‌ಮ್ಯಾನಿಗೆ ಹೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಮನೆಗೇ ಬಂದು ಮಾಡಿಕೊಡುತ್ತಾರೆ.

ಮತ್ತೆ, ನವೆಂಬರಿನ ನೂಕುನುಗ್ಗಲಲ್ಲಿ ನೀವು ಹೋಗಲೇಬೇಕಾಗಿಲ್ಲ. ಅದು ಸರಕಾರಿ ಪಿಂಚಣಿಯವರ ತಿಂಗಳು. ಪಿಎಫ್ ಪಿಂಚಣಿಯವರು ವರ್ಷದ ಯಾವ ದಿನ ಕೊಟ್ಟರೂ ಆಗುತ್ತದೆ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಇದನ್ನು ಕೌಂಟರಿನವರು ಹೇಳುವುದಿಲ್ಲ. ಹೆಚ್ಚಿನವರಿಗೆ ಗೊತ್ತೂ ಇಲ್ಲ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲೇ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿದ ಊರು ನಮ್ಮದು. ದಿನಕ್ಕೆ ಎರಡಾಣೆ ಎತ್ತಲು ಏಜೆಂಟರು ಮನೆಮನೆಗೆ ಬರುತ್ತಿದ್ದರು. ದುಡ್ಡು ತೆಗೆದುಕೊಳ್ಳಲು ಮನೆ ಬಾಗಿಲಿಗೆ ಬರಲು ಗೊತ್ತಿದ್ದ ಜಿಲ್ಲೆಗೆ, ಕೊಡುವಾಗ ಮಾತ್ರ ಮುದುಕಿಯನ್ನು ರಿಕ್ಷಾ ಹತ್ತಿಸಬೇಕಾ?

ಪ್ರಶ್ನೆ: ಆಧಾರ್ ಕಾರ್ಡಿನ ಝೆರಾಕ್ಸಿಗೆ ಗೆಜೆಟೆಡ್ ಆಫೀಸರ್ ಸಹಿ ಬೇಕಂತೆ. ನನಗೆ ಅಂಥವರು ಯಾರೂ ಪರಿಚಯವಿಲ್ಲ.
– ಓದುಗರು, ಬಂಟ್ವಾಳ

ಉತ್ತರ: ಅವರಿಗೂ ನಿಮ್ಮ ಪರಿಚಯವಿಲ್ಲ. ಆದರೂ ಅವರು ಹೇಳಿದರೆ ನೀವು ನೀವೇ, ನಿಮ್ಮ ಹೆಂಡತಿ ಹೇಳಿದರೆ ಅಲ್ಲ! ಸ್ವಂತ ಸಹಿ ಹಾಕಿದ ಪ್ರತಿ ಸಾಕು ಅಂತ ಕೇಂದ್ರ ಸರಕಾರ 2014ರಲ್ಲೇ ತನ್ನ ಇಲಾಖೆಗಳಿಗೆ ಹೇಳಿಯಾಗಿದೆ. ಒರಿಜಿನಲ್ ತೋರಿಸಿ, ಪ್ರತಿಗೆ ಸಹಿ ಹಾಕಿ ಕೊಡಿ. ಆಗುವುದಿಲ್ಲ ಅಂದರೆ ಯಾವ ಆದೇಶದ ಪ್ರಕಾರ ಅಂತ ನಗುತ್ತಲೇ ಕೇಳಿ.

ಪ್ರಶ್ನೆ: ಅಪ್ಪನಿಗೆ ಕೊಟ್ಟ ಮಾತ್ರೆ ಯಾಕೆ ಬದಲಾಯಿತು ಅಂತ ಕೇಳಿದ್ದಕ್ಕೆ ಹಿರಿಯ ವೈದ್ಯರೊಬ್ಬರು "ಡಾಕ್ಟರ್ ನೀವಾ ನಾನಾ?" ಅಂದರು. ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಫೈಲಿನ ಪ್ರತಿ ಕೇಳಿದರೆ "ಅದು ಆಸ್ಪತ್ರೆಯ ಸೊತ್ತು" ಅನ್ನುತ್ತಾರೆ.
– ಓದುಗರು, ಸುರತ್ಕಲ್

ಉತ್ತರ: ಮೆಡಿಕಲ್ ಕಾಲೇಜುಗಳಿಗೆ ನಮ್ಮಲ್ಲಿ ಬರವಿಲ್ಲ. ಮಣಿಪಾಲದಲ್ಲಿ 1953ರಲ್ಲಿ ಶುರುವಾದದ್ದು, ಈಗ ಎಣಿಸಲು ಕೂತರೆ ಕೈ ಬೆರಳು ಬೇಕು. ಆದರೆ ಡಾಕ್ಟರ ಎದುರು ಸ್ಟೂಲಿನ ತುದಿಯಲ್ಲಿ ಕೂತು, ತಲೆ ಅಲ್ಲಾಡಿಸಿ, ಹೊರಗೆ ಬಂದು ಮೆಡಿಕಲ್ ಶಾಪಿನ ಹುಡುಗನ ಹತ್ತಿರ "ಇದು ಎಂಥದಕ್ಕೆ?" ಅಂತ ಕೇಳುವ ಅಭ್ಯಾಸ ನಮಗಿನ್ನೂ ಹೋಗಿಲ್ಲ. ಅದಕ್ಕೇ ಕೆಲವು ಹಿರಿಯರಿಗೆ ಪ್ರಶ್ನೆ ಅಂದರೆ ಅವಮಾನ. ಈಗಿನ ಎಷ್ಟೋ ಹುಡುಗ ಹುಡುಗಿಯರು ಚೀಟಿಯ ಹಿಂದೆ ಚಿತ್ರ ಬಿಡಿಸಿ ಹೇಳುತ್ತಾರೆ. ಅವರ ವಿಷಯ ಬೇರೆ.

ಫೈಲ್ ಅವರ ಸೊತ್ತೇ ಇರಲಿ, ಇಟ್ಟುಕೊಳ್ಳಲಿ. ಪ್ರತಿ ಪಡೆಯುವುದು ನಿಮ್ಮ ಹಕ್ಕು. ವೈದ್ಯರ ನಡವಳಿಕೆಯ ಬಗ್ಗೆ 2002ರಲ್ಲಿ ಬಂದ ನಿಯಮಗಳಲ್ಲೇ ಇದೆ: ರೋಗಿಯೋ ಅವರ ಕಡೆಯವರೋ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ. ಅಪ್ಪನ ಸಹಿ ಇರುವ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಇರುವ ಮರ್ಯಾದೆ ನಮಗೂ ನಿಮಗೂ ಇಲ್ಲ.

ಮುಂದಿನ ಸಲ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಗೂಗಲ್‌ನಲ್ಲಿ ನೋಡಿದೆ" ಅಂತ ಮಾತ್ರ ಮಾತು ಶುರು ಮಾಡಬೇಡಿ, ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಯಜಮಾನರು ತೀರಿಕೊಂಡರು. ಅವರ ಎಫ್‌ಡಿಗೆ ನಾನೇ ನಾಮಿನಿ. ಬ್ಯಾಂಕಿನಲ್ಲಿ ವಾರಸುದಾರರ ಪ್ರಮಾಣಪತ್ರ ತನ್ನಿ, ಇಬ್ಬರು ಜಾಮೀನುದಾರರು ಬೇಕು ಅನ್ನುತ್ತಾರೆ. "ಮನೆಯಲ್ಲಿ ಗಂಡಸರು ಯಾರೂ ಇಲ್ವಾ, ಅವರನ್ನು ಕಳಿಸಿ" ಅಂತ ಬೇರೆ.
– ಓದುಗರು, ಕುಂದಾಪುರ

ಉತ್ತರ: ಹೆಣ್ಣಿನ ಕಡೆಯಿಂದ ಆಸ್ತಿ ಹರಿದು ಬಂದ ಅಳಿಯಸಂತಾನದ ಜಿಲ್ಲೆಯಲ್ಲಿ ಕೂತು ಹೀಗೆ ಕೇಳುತ್ತಾರಲ್ಲ, ಸಿಟ್ಟು ಬರುತ್ತದೆ. ನನಗೂ ಕೆಲಸದಲ್ಲಿದ್ದಾಗ ಗಿರಾಕಿಗಳು "ಸಾರ್ ಇಲ್ವಾ?" ಅಂತ ಕೇಳುತ್ತಿದ್ದರು, ಚೆಕ್ ಪಾಸು ಮಾಡುವ ಪೆನ್ನು ನನ್ನ ಕೈಯಲ್ಲೇ ಇದ್ದಾಗ!

ನಾಮಿನಿ ಇದ್ದರೆ ವಾರಸುದಾರರ ಪ್ರಮಾಣಪತ್ರ ಬೇಡ, ಜಾಮೀನೂ ಬೇಡ. ಮೊತ್ತ ಎಷ್ಟೇ ಇರಲಿ. ಇದು ರಿಸರ್ವ್ ಬ್ಯಾಂಕಿನ ಸೂಚನೆ. ಕ್ಲೇಮ್ ಫಾರ್ಮ್, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಕೊಡಿ. ಕಾಗದ ಸರಿಯಿದ್ದರೆ 15 ದಿನದೊಳಗೆ ಇತ್ಯರ್ಥ ಆಗಬೇಕು. (ಕೋರ್ಟಿನ ತಡೆಯಾಜ್ಞೆ ಇದ್ದರೆ ಮಾತ್ರ ಬೇರೆ. ಮತ್ತೆ, ನಾಮಿನಿಗೆ ದುಡ್ಡು ಬಂದರೂ ಮಕ್ಕಳ ಪಾಲು ಮಕ್ಕಳದ್ದೇ, ನೆನಪಿರಲಿ.)

ಇಷ್ಟು ಹೇಳಿದರೂ ಕೇಳದಿದ್ದರೆ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನ ಕಾಯಿರಿ. ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ. ಫೀಸು ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448 ನಂಬರಿಗೆ ಫೋನ್ ಮಾಡಿ.

ಗಂಡಸರನ್ನೇ ನೋಡಬೇಕು ಅಂತ ಅವರಿಗೆ ಅಷ್ಟು ಆಸೆ ಇದ್ದರೆ, ಮ್ಯಾನೇಜರನ್ನು ಕೌಂಟರಿಗೆ ಕರೆಸಿ. ಆದರೆ ಮೊದಲು ಬಾಗಿಲ ಮೇಲಿನ ಬೋರ್ಡು ಓದಿಕೊಳ್ಳಿ. ಈಗ ಎಷ್ಟೋ ಕಡೆ ಆ ಕುರ್ಚಿಯಲ್ಲೂ ಹೆಂಗಸರೇ ಇದ್ದಾರೆ.