ಪ್ರಚೋದಕ ಜಾಲತಾಣ: ಮುಚ್ಚುವುದಾದರೆ ಎಷ್ಟು, ಯಾರ ಕಣ್ಣೆದುರು?

ಹಿಂಸೆಗೆ ಕುಮ್ಮಕ್ಕು ಕೊಡುವ ಉಗ್ರವಾದಿ ಜಾಲತಾಣಗಳನ್ನು ಸರ್ಕಾರ ಮುಚ್ಚಿಸಿದರೆ ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಲ್ಲವೆ, ಮುಚ್ಚಿಸದೆ ಬಿಟ್ಟರೆ ಆಗುವ ಅನಾಹುತಕ್ಕೆ ಹೊಣೆ ಯಾರು ಎಂದು ತಾವು ಕೇಳಿದ್ದೀರಿ. ಮುಚ್ಚಿಸುವುದು ತಪ್ಪಲ್ಲವೆಂದೇ ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ನಮ್ಮಲ್ಲಿ ಅದನ್ನು ಮುಚ್ಚಿಸುವ ರೀತಿಯ ಬಗ್ಗೆ. ಬಹುಕಾಲದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವ ನನಗೆ ಈ ಎರಡೂ ಸಂಗತಿಗಳು ಇಲ್ಲಿಯೇ ಕಣ್ಣಾರೆ ಕಂಡವು.

2012ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಭಾಗದಲ್ಲಿ ಗಲಭೆಯಾಯಿತು. ಅದರ ಬೆನ್ನಿಗೇ, ಬೇರೆಲ್ಲಿಯವೋ ಹೆಣಗಳ ಚಿತ್ರಗಳು ಅಲ್ಲಿಯವೆಂಬ ಹೆಸರಿನಲ್ಲಿ ಜಾಲತಾಣಗಳಲ್ಲಿಯೂ ಮೊಬೈಲುಗಳಲ್ಲಿಯೂ ಹರಿದಾಡಿದವು. ಆಗಸ್ಟ್ ತಿಂಗಳಿನಲ್ಲಿ ಪುಣೆಯಲ್ಲಿ ಈಶಾನ್ಯ ರಾಜ್ಯಗಳ ಕೆಲವು ಯುವಕರ ಮೇಲೆ ಹಲ್ಲೆಗಳೂ ನಡೆದವು. ನನ್ನ ಸೋದರಮಾವ ಆಗ ಇಲ್ಲಿ ಒಂದು ಉಡುಪಿ ಹೋಟೆಲು ನಡೆಸುತ್ತಿದ್ದರು, ಅಡುಗೆಮನೆಯಲ್ಲಿ ಅಸ್ಸಾಮಿನ ನಾಲ್ವರು ಹುಡುಗರಿದ್ದರು. ಒಂದು ರಾತ್ರಿ ಗಲ್ಲಾ ಎಣಿಸುವ ಹೊತ್ತಿಗೆ ಅವರಲ್ಲಿ ಹಿರಿಯವನು ಹಿಟ್ಟು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನನ್ನು ಮಾವನ ಮುಂದೆ ಹಿಡಿದ. ಇಪ್ಪತ್ತನೆಯ ತಾರೀಕಿನೊಳಗೆ ಊರು ಬಿಡದಿದ್ದವರು ಉಳಿಯುವುದಿಲ್ಲ ಎಂಬ ಅರ್ಥದ ಹಿಂದಿ ಸಂದೇಶ ಅದರಲ್ಲಿತ್ತು. ಕಳಿಸಿದವನು ಅವನ ಊರಿನವನೇ. ಆ ಊರಿನವನಿಗೆ ಕಳಿಸಿದವನು ಇನ್ಯಾರೋ. 'ನಾನಿದ್ದೇನಲ್ಲ' ಎಂದು ಮಾವ ಎಷ್ಟು ಹೇಳಿದರೂ ಕೇಳದೆ ನಾಲ್ವರೂ ಮರುದಿನ ಪುಣೆ ಸ್ಟೇಷನ್ನಿನ ಜನಜಂಗುಳಿಯಲ್ಲಿ ನಿಂತು ಗುವಾಹಾಟಿಯ ದಾರಿ ಹಿಡಿದರು. ಕೈಯಾಳುಗಳಿಲ್ಲದೆ ಹೋಟೆಲಿನಲ್ಲಿ ಒಂದು ವಾರ ದೋಸೆ ಇರಲಿಲ್ಲ. ಮಾತು ಬರೀ ಮಾತಷ್ಟೆ, ಅದರಿಂದ ಏನಾಗುತ್ತದೆ ಎನ್ನುವವರ ಜೊತೆ ಅಂದಿನಿಂದ ನಾನು ವಾದಕ್ಕೆ ನಿಲ್ಲುವುದಿಲ್ಲ.

ಆದರೆ ಆಗ ಸರ್ಕಾರ ಮಾಡಿದ್ದೇನು? ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೆಲಕಾಲ ಮಿತಿ ಹಾಕಿತು. ಅದು ತಾತ್ಕಾಲಿಕವಾಗಿತ್ತು, ಎಲ್ಲರಿಗೂ ತಿಳಿಸಿಯೇ ಮಾಡಿದ್ದಾಗಿತ್ತು, ಹಾಗಾಗಿ ನನಗೆ ಅದು ಒಪ್ಪಿಗೆಯೇ. ಅದರ ಜೊತೆಗೆ ಮುನ್ನೂರಕ್ಕೂ ಹೆಚ್ಚು ಪುಟ, ವಿಡಿಯೋ, ಖಾತೆಗಳನ್ನು ತಡೆಹಿಡಿಯಲಾಯಿತು. ಆ ಪಟ್ಟಿ ಹೊರಬಿದ್ದ ಮೇಲೆ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆಯವರು ಅದನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಈ ಚಿತ್ರಗಳು ಸುಳ್ಳು, ನಂಬಬೇಡಿ ಎಂದು ವದಂತಿಯನ್ನು ಬಯಲಿಗೆಳೆದಿದ್ದ ಬರಹಗಳೂ ಅದರಲ್ಲಿ ಸೇರಿದ್ದವು. ಬೆಂಕಿ ಹಚ್ಚಿದವನನ್ನೂ ನೀರು ಹೊತ್ತು ಬಂದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಂತಾಯಿತು.

2014ರ ಕೊನೆಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಐಸಿಸ್ ಪರ ಬರಹಗಳಿವೆಯೆಂಬ ಕಾರಣಕ್ಕೆ, ಮುಂಬಯಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೊಂದರ ಆದೇಶದ ಮೇರೆಗೆ 32 ತಾಣಗಳನ್ನು ಮುಚ್ಚಿಸಲಾಯಿತು. ಆತಂಕಕ್ಕೆ ಕಾರಣವಿತ್ತು, ಅದೇ ವರ್ಷ ಮುಂಬಯಿಯ ಪಕ್ಕದ ಕಲ್ಯಾಣದಿಂದ ನಾಲ್ವರು ಯುವಕರು ಇರಾಕಿಗೆ ಹೋಗಿ ಆ ಸಂಘಟನೆಯನ್ನು ಸೇರಿಕೊಂಡಿದ್ದರು. ಆದರೆ ಆ ಪಟ್ಟಿಯಲ್ಲಿ ವಿಡಿಯೋ ತಾಣ ವಿಮಿಯೋ, ಪಠ್ಯ ಹಂಚುವ ಪೇಸ್ಟ್‌ಬಿನ್, ಹಳೆಯ ಪುಟ-ಪುಸ್ತಕಗಳ ಸಂಗ್ರಹವಾದ ಇಂಟರ್ನೆಟ್ ಆರ್ಕೈವ್, ಸಾಫ್ಟ್‌ವೇರ್ ಕೋಡನ್ನು ಇಡುವ ಗಿಟ್‌ಹಬ್‌ನ ಒಂದು ಭಾಗ ಎಲ್ಲವೂ ಇದ್ದವು. ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಬೇಕಾದ ಕೋಡಿನ ತುಣುಕೊಂದು ತೆರೆಯದೇ ಹೋದಾಗ ನಾವು ರೌಟರನ್ನು ಎರಡು ಸಲ ಆರಿಸಿ ಹಚ್ಚಿ ನೋಡಿದ್ದು ನೆನಪಿದೆ. ತಡೆಯೊಡ್ಡಿದ್ದು ಸರ್ಕಾರ ಎಂದು ತಿಳಿದದ್ದು ಆಮೇಲೆ. ಗ್ರಂಥಾಲಯದಲ್ಲಿ ಯಾರೋ ಒಂದು ಕರಪತ್ರ ಇಟ್ಟುಹೋದರೆಂದು ಗ್ರಂಥಾಲಯಕ್ಕೇ ಬೀಗ ಜಡಿಯುವ ಪದ್ಧತಿ ಇದು.

ಇನ್ನು ಕಾನೂನು. 1950ರಲ್ಲಿ ಮುಂಬಯಿಯಿಂದ ಪ್ರಕಟವಾಗುತ್ತಿದ್ದ 'ಕ್ರಾಸ್ ರೋಡ್ಸ್' ಎಂಬ ವಾರಪತ್ರಿಕೆಯನ್ನು ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯದೊಳಗೆ ಬಿಡದಂತೆ ತಡೆದಾಗ ಸುಪ್ರೀಂ ಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿಯ ಮೂಲಕ, ವಾಕ್ ಸ್ವಾತಂತ್ರ್ಯವನ್ನು ಯಾವ ಕಾರಣಗಳಿಗೆ ನಿರ್ಬಂಧಿಸಬಹುದೆಂದು ಹೇಳುವ 19(2)ನೇ ವಿಧಿಗೆ 'ಸಾರ್ವಜನಿಕ ಸುವ್ಯವಸ್ಥೆ', 'ಅಪರಾಧಕ್ಕೆ ಪ್ರಚೋದನೆ' ಎಂಬ ಕಾರಣಗಳು ಸೇರಿದವು. ಜೊತೆಗೆ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಮಾತೂ ಸೇರಿತು, ಇದನ್ನು ಅನೇಕರು ಮರೆಯುತ್ತಾರೆ. 2012ರ ನವೆಂಬರಿನಲ್ಲಿ ಮುಂಬಯಿ ಬಂದ್ ಆದುದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದುದಕ್ಕೆ ಪಾಲ್ಘರಿನ ಒಬ್ಬ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ್ದಕ್ಕೆ ಇನ್ನೊಬ್ಬಳನ್ನೂ ಬಂಧಿಸಿದ ಪ್ರಕರಣ ತಮಗೆ ಗೊತ್ತಿರಬಹುದು. ಅದರ ಹಿಂದೆಯೇ ಹೂಡಲಾದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಅಂತರ್ಜಾಲದಲ್ಲಿ ಆಕ್ಷೇಪಾರ್ಹವಾದದ್ದನ್ನು ಬರೆಯುವುದನ್ನು ಅಪರಾಧವಾಗಿಸಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯಿದೆಯ ಸೆಕ್ಷನ್ 66ಎಯನ್ನು ತೆಗೆದುಹಾಕಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರನ್ನು ಬೇರ್ಪಡಿಸಿ, ಮೊದಲಿನ ಎರಡು ಎಷ್ಟೇ ಅಪ್ರಿಯವಾಗಿದ್ದರೂ ಸ್ವಾತಂತ್ರ್ಯದೊಳಗಿನವೇ, ಮೂರನೆಯದರ ಮಟ್ಟ ಮುಟ್ಟಿದಾಗ ಮಾತ್ರ ನಿರ್ಬಂಧಕ್ಕೆ ಎಡೆ ಎಂದಿತು. ತಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ. ಒಂದು ಸಮುದಾಯವನ್ನು ಹಳಿಯುವ ಬರಹ ನನಗೆ ಅಸಹ್ಯ, ಆದರೂ ಅದಕ್ಕೆ ಉತ್ತರ ಬರೆಯಬಹುದು. ಇಂಥ ದಿನ ಇಂಥ ಬೀದಿಗೆ ಬನ್ನಿ, ಇಂಥವರ ಮನೆ ಇಲ್ಲಿದೆ ಎನ್ನುವ ಬರಹಕ್ಕೆ ಉತ್ತರ ಬರೆಯುತ್ತ ಕೂರಲು ಸಮಯವಿರುವುದಿಲ್ಲ. ಅಂಥ ಪುಟವನ್ನು ಆ ಗಂಟೆಯಲ್ಲೇ ತೆಗೆಸಬೇಕು, ಬರೆದವನ ಮೇಲೆ ಮೊಕದ್ದಮೆಯನ್ನೂ ಹೂಡಬೇಕು. ಹೊಣೆ ಮೊದಲು ಅವನದು.

ಅದೇ ತೀರ್ಪು ತಾಣಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಸೆಕ್ಷನ್ 69ಎಯನ್ನು ಎತ್ತಿಹಿಡಿಯಿತು. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕಾಗಿರುವುದರಿಂದ ಆ ಆದೇಶವನ್ನು ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಬಹುದು ಎಂಬುದೂ ಅದಕ್ಕೆ ಕೊಟ್ಟ ಆಧಾರಗಳಲ್ಲೊಂದು. ಆದರೆ ಈ ಸೆಕ್ಷನ್ನಿನಡಿ ರೂಪಿಸಿದ 2009ರ ನಿಯಮಗಳ ಪೈಕಿ 16ನೆಯದು ದೂರುಗಳನ್ನೂ ಅವುಗಳ ಮೇಲೆ ಕೈಗೊಂಡ ಕ್ರಮವನ್ನೂ ಕಟ್ಟುನಿಟ್ಟಾಗಿ ಗೌಪ್ಯವಾಗಿಡಬೇಕೆನ್ನುತ್ತದೆ. ತನ್ನ ಪುಟ ಏಕೆ ಮುಚ್ಚಿತೆಂದು ಕೇಳಿಕೊಂಡು ಹೋದವನ ಕೈಗೆ ಆದೇಶದ ಪ್ರತಿಯೇ ಸಿಗದಿದ್ದರೆ, ಅವನು ರಿಟ್ ಅರ್ಜಿಯ ಜೊತೆಗೆ ಲಗತ್ತಿಸಬೇಕಾದದ್ದಾದರೂ ಏನನ್ನು?