ಎಕ್ಸ್-ರೇ ನಾರ್ಮಲ್, ಕಾಲು ಮಾತ್ರ ನೆಟ್ಟಗಾಗ್ತಿಲ್ಲ

ಓದುಗರ ಪ್ರಶ್ನೆ: ಕೋಲಾರದ ಮೂಳೆ ಮತ್ತು ಕೀಲು ತಜ್ಞರ ಉತ್ತರ

ಈ ಸಲ ಮಂಡಿಯ ಬಗ್ಗೆ ಕೇಳಿ ಎಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಊರು ಮಾತ್ರ ಬೇರೆ ಬೇರೆ: 'ಎಕ್ಸ್-ರೇ ನಾರ್ಮಲ್ ಬಂದಿದೆ ಡಾಕ್ಟ್ರೇ, ಆದರೂ ನೋವು ಹೋಗ್ತಿಲ್ಲ, ಯಾಕೆ?' ಕ್ಲಿನಿಕ್ಕಿನಲ್ಲೂ ದಿನಾ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ಅದಕ್ಕೆ ಒಂದು ಪತ್ರಕ್ಕೆ ಪೂರ್ತಿ ಉತ್ತರ ಬರೆದು, ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಇಳಿಸುವ ಕೆಲಸ. ಎರಡು ತಿಂಗಳ ಹಿಂದೆ ಬಾಕ್ಸ್ ಹೊತ್ತು ತಿರುಗುವಾಗ ಪಾದ ಅಲ್ಲೇ ಊರಿಕೊಂಡು ಮಂಡಿ ತಿರುಚಿತು. ಮಾರನೇ ಬೆಳಿಗ್ಗೆ ಊದಿಕೊಂಡಿತ್ತು. ಎಕ್ಸ್-ರೇ ತೆಗೆಸಿದೆವು, ಏನೂ ಇಲ್ಲ ಎಂದರು. ಆಮೇಲೆ 21 ದಿನ ನಾಟಿ ಕಟ್ಟು ಹಾಕಿಸಿದೆವು. ಈಗ ಕೂತು ಏಳುವಾಗ ಮಂಡಿ ಸಿಕ್ಕಿಹಾಕಿಕೊಳ್ಳುತ್ತೆ, ಕಾಲು ಪೂರ್ತಿ ನೆಟ್ಟಗಾಗಲ್ಲ. ಇನ್ನೊಂದು ಎಕ್ಸ್-ರೇ, ಡಿಜಿಟಲ್‌ನಲ್ಲಿ ತೆಗೆಸಿದರೆ ಗೊತ್ತಾಗುತ್ತಾ? (ಬಂಗಾರಪೇಟೆ ತಾಲ್ಲೂಕಿನ ತಂದೆಯೊಬ್ಬರು)

ಗೊತ್ತಾಗಲ್ಲ ಯಜಮಾನರೇ. ಡಿಜಿಟಲ್‌ನಲ್ಲಿ ತೆಗೆಸಿ, ಬೆಂಗಳೂರಿಗೆ ಹೋಗಿ ತೆಗೆಸಿ, ಹತ್ತು ಸಲ ತೆಗೆಸಿ, ನಿಮ್ಮ ಮಗನ ಮಂಡಿಯಲ್ಲಿ ಹರಿದಿರಬಹುದು ಎಂದು ನನಗೆ ಅನುಮಾನವಿರುವ ವಸ್ತು ಅದರಲ್ಲಿ ಕಾಣುವುದೇ ಇಲ್ಲ.

ಆ ವಸ್ತುವಿನ ಹೆಸರು ಮೆನಿಸ್ಕಸ್. ತೊಡೆ ಮೂಳೆಗೂ ಕೆಳಗಿನ ಕಣಕಾಲ ಮೂಳೆಗೂ ನಡುವೆ ಒಳಗೊಂದು, ಹೊರಗೊಂದು, ಅರ್ಧಚಂದ್ರದಂತಿರುವ ಎರಡು ಗಾದಿಗಳು. ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು, ಉಳಿದದ್ದು ಬಹುತೇಕ ನಾರು. ಎಕ್ಸ್-ರೇ ಕಿರಣವನ್ನು ಚೆನ್ನಾಗಿ ತಡೆಯುವುದು ಮೂಳೆಯಲ್ಲಿರುವ ಕ್ಯಾಲ್ಸಿಯಂ. ಈ ಗಾದಿಯಲ್ಲಿ ಅದಿಲ್ಲ. ಫಿಲಂ ಕಿಟಕಿಗೆ ಹಿಡಿದು ನೋಡಿ: ಎರಡು ಬಿಳಿ ಮೂಳೆಗಳ ನಡುವೆ ಕಿರುಬೆರಳಿನಷ್ಟೂ ಅಗಲವಿಲ್ಲದ ಒಂದು ಕಪ್ಪು ಸಂದು ಕಾಣುತ್ತದೆ. ಜನ ಅದನ್ನು 'ಗ್ಯಾಪು' ಅನ್ನುತ್ತಾರೆ. ಖಾಲಿ ಜಾಗ ಅಲ್ಲ ಅದು. ಮೆನಿಸ್ಕಸ್ ಕೂತಿರುವುದೇ ಅಲ್ಲಿ. ಹರಿದಿದ್ದರೂ ಹಾಗೇ ಕಾಣುತ್ತದೆ, ಹರಿಯದಿದ್ದರೂ ಹಾಗೇ. ಬಿಸಿಲಲ್ಲಿ ನಿಂತವನ ನೆರಳು ನೋಡಿ ಅವನ ಜೇಬು ಹರಿದಿದೆಯಾ ಅಂತ ಹೇಳಲಾಗುತ್ತದೆಯೇ?

ಹಾಗಾದರೆ ಎಕ್ಸ್-ರೇ ಯಾಕೆ ಬರೆದುಕೊಟ್ಟರು, ದುಡ್ಡಿಗಾ? ಅಲ್ಲ. ಬಿದ್ದು ತಿರುಚಿದ ಮಂಡಿಗೆ ನಾನೂ ಮೊದಲು ಅದನ್ನೇ ಬರೆಯುತ್ತೇನೆ. ಮೂಳೆ ಮುರಿದಿದೆಯಾ, ಚೂರು ಕಿತ್ತು ಕೀಲೊಳಗೆ ಬಿದ್ದಿದೆಯಾ, ಸವೆತ ಇದೆಯಾ ಅಂತ ನೋಡಬೇಕು. ಕಣಕಾಲ ಮೂಳೆಯ ಹೊರ ಅಂಚಿನಲ್ಲಿ ಅಕ್ಕಿ ನುಚ್ಚಿನಂಥ ಒಂದು ಚೂರು ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ಸೆಗಾಂಡ್ ಎಂಬ ಫ್ರೆಂಚ್ ಸರ್ಜನ್ 1879ರಲ್ಲೇ, ಅಂದರೆ ಎಕ್ಸ್-ರೇ ಕಂಡುಹಿಡಿಯುವುದಕ್ಕೆ 16 ವರ್ಷ ಮುಂಚೆ, ಬರೆದಿಟ್ಟ ಚೂರು ಅದು. ಅದಿದ್ದರೆ ಒಳಗೆ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ನಾರಿನ ಪಟ್ಟಿ, ಹರಿದುಹೋಗಿರುವುದು ಹೆಚ್ಚುಕಡಿಮೆ ಖಾತ್ರಿ, ಜೊತೆಗೆ ಮೆನಿಸ್ಕಸ್ಸೂ ಹರಿದಿರಬಹುದು. ನೂರಕ್ಕೆ ನೂರು ಕೆಲಸಕ್ಕೆ ಬಾರದ ಪರೀಕ್ಷೆಯಲ್ಲ ಎಕ್ಸ್-ರೇ. ತಪ್ಪಿರುವುದು 'ಏನೂ ಇಲ್ಲ' ಎಂಬ ಮಾತಿನಲ್ಲಿ. 'ಮೂಳೆಗೆ ಏನೂ ಆಗಿಲ್ಲ' ಅನ್ನಬೇಕಿತ್ತು. ಒಂದು ಪದ ಉಳಿಸಲು ಹೋಗಿ ನಿಮಗೆ ಎರಡು ತಿಂಗಳು ಕಳೆಯಿತು.

ಬೇರೆಯವರನ್ನು ಬೈಯುವ ಮುಂಚೆ ನನ್ನದೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಬಡ್ಡಿ ಆಡುವ ಹುಡುಗನೊಬ್ಬ ಹೀಗೇ ಬಂದಿದ್ದ. ಹೊರಗೆ ಸಾಲು ಉದ್ದ ಇತ್ತು. ಮಂಡಿ ಮುಟ್ಟಿಯೂ ನೋಡದೆ ಫಿಲಂ ನೋಡಿ 'ನಾರ್ಮಲ್' ಎಂದು ಬರೆದು, ನೋವಿನ ಮಾತ್ರೆ ಕೊಟ್ಟು ಕಳಿಸಿದೆ. ಐದು ತಿಂಗಳ ನಂತರ ಕುಂಟುತ್ತಾ ಬಂದ. ಹರಿದ ಭಾಗ ಕೀಲೊಳಗೆ ಮಗುಚಿಕೊಂಡು ಉಜ್ಜಿ ಉಜ್ಜಿ ಮೂಳೆಯ ಮೇಲಿನ ನುಣುಪು ಪದರವೂ ಹಾಳಾಗಿತ್ತು. ಹೊಲಿಯಬಹುದಾಗಿದ್ದನ್ನು ಕತ್ತರಿಸಬೇಕಾಯಿತು. ಅವತ್ತಿನಿಂದ ಮಂಡಿ ಮುಟ್ಟದೆ ಫಿಲಂ ಮುಟ್ಟುವುದಿಲ್ಲ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು ಬರೆದ ಮೂರು ಸಂಗತಿ ಯಾವ ಫಿಲಂಗಿಂತಲೂ ಹೆಚ್ಚು ಹೇಳುತ್ತವೆ. ಪಾದ ಊರಿದ್ದಾಗ ಮೈ ತಿರುಗಿದೆ. ಊತ ಆ ಕ್ಷಣಕ್ಕೆ ಬರದೆ ಮಾರನೇ ದಿನ ಬಂದಿದೆ. ಒಂದೆರಡು ಗಂಟೆಯಲ್ಲೇ ಬಲೂನಿನಂತೆ ಊದಿದ್ದರೆ ಒಳಗೆ ರಕ್ತ ತುಂಬಿದೆ ಅಂತ ಲಿಗಮೆಂಟನ್ನೋ ಮೂಳೆಯನ್ನೋ ಅನುಮಾನಿಸುತ್ತಿದ್ದೆ. ಮೂರನೆಯದು, ಕಾಲು ನೆಟ್ಟಗಾಗದೆ ಸಿಕ್ಕಿಹಾಕಿಕೊಳ್ಳುವುದು. ಮೆನಿಸ್ಕಸ್ ಉದ್ದಕ್ಕೆ ಸೀಳಿ, ಸೀಳಿದ ಪಟ್ಟಿ ಬಕೆಟ್ಟಿನ ಹಿಡಿಯಂತೆ ಎದ್ದು ಕೀಲಿನ ಮಧ್ಯಕ್ಕೆ ಬಂದು ಕೂತರೆ ಹೀಗಾಗುತ್ತದೆ. ಬಾಗಿಲ ಸಂದಿಗೆ ಬಟ್ಟೆ ಸಿಕ್ಕರೆ ಬಾಗಿಲು ಮುಚ್ಚುವುದಿಲ್ಲವಲ್ಲ, ಹಾಗೆ.

ಮೊದಲು ಬೇಕಾಗಿರುವುದು ಒಬ್ಬ ವೈದ್ಯನ ಕೈ. ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗವಾದರೂ ಸರಿ. ಹುಡುಗನನ್ನು ಮಲಗಿಸಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಚಿಪ್ಪಿನ ಪಕ್ಕದ ಕೀಲಿನ ಗೆರೆಯ ಮೇಲಿಟ್ಟು ಕಾಲು ಮಡಚಿ ತಿರುಗಿಸಿ ನೋಡುತ್ತಾರೆ. ಬೆರಳಿಟ್ಟ ಜಾಗದಲ್ಲೇ ಹುಡುಗ 'ಹಾ' ಅಂದರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧಕ್ಕೆ ಎಂಆರ್‌ಐ. ಅದರಲ್ಲಿ ಮೆನಿಸ್ಕಸ್ ಕಾಣುತ್ತದೆ, ಎಲ್ಲಿ ಹರಿದಿದೆ ಎಂದೂ ಕಾಣುತ್ತದೆ. ಎಲ್ಲಿ ಅನ್ನುವುದೇ ಮುಖ್ಯ. ಗಾದಿಯ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ. ಅಲ್ಲಿ ಹರಿದಿದ್ದರೆ ಹೊಲಿದದ್ದು ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ಒಳ ಅಂಚಿಗೆ ರಕ್ತವಿಲ್ಲ.

'ತೆಗೆದು ಬಿಸಾಕಿಬಿಡಿ ಸಾರ್' ಅನ್ನುವವರಿದ್ದಾರೆ. ಹಾಗೆ ತೆಗೆದ ಮಂಡಿಗಳು ಬರಬರುತ್ತಾ ಹೇಗೆ ಸವೆಯುತ್ತವೆ ಎಂದು ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ವೈದ್ಯ 1948ರಲ್ಲೇ ತೋರಿಸಿದ, ಅದೂ ಎಕ್ಸ್-ರೇಯಲ್ಲೇ. ಮೆನಿಸ್ಕಸ್ ಕಾಣಿಸದ ಎಕ್ಸ್-ರೇಗೆ ಮೆನಿಸ್ಕಸ್ ಹೋದ ಮೇಲಿನ ಹಾಳು ಚೆನ್ನಾಗಿ ಕಾಣುತ್ತದೆ. ಇಪ್ಪತ್ನಾಲ್ಕರ ಹುಡುಗನಿಗೆ ಉಳಿಸುವುದೇ ಮೊದಲ ಪ್ರಯತ್ನ. ಹೊಲಿದರೆ ಕೆಲವು ವಾರ ಊರುಗೋಲು, ಬಾಕ್ಸ್ ಎತ್ತಲು ನಾಲ್ಕರಿಂದ ಆರು ತಿಂಗಳು. ಈ ಸೀಸನ್ ಮರೆತುಬಿಡಿ.

ಇನ್ನು ಆ ಕಟ್ಟು. ನಿಮ್ಮ ಮೇಲೆ ಸಿಟ್ಟಿಲ್ಲ, ಹಾಕಿದವರ ಮೇಲಿದೆ. ಮೊಟ್ಟೆ, ಸೊಪ್ಪು, ಬಿದಿರು ದಬ್ಬೆ ಮೂರೂ ಸೇರಿ ಕೀಲಿನೊಳಗಿನ ಹರುಕನ್ನು ಹೊಲಿಯುವುದಿಲ್ಲ. ಬಿಗಿಯಾಗಿ ಕಟ್ಟಿದ 21 ದಿನದಲ್ಲಿ ತೊಡೆಯ ಸ್ನಾಯು ಸೊರಗಿದೆ. ಎರಡೂ ತೊಡೆಗೆ ಟೇಪ್ ಹಿಡಿದು ಅಳೆಯಿರಿ, ನಿಮಗೇ ಗೊತ್ತಾಗುತ್ತದೆ. ಮತ್ತೆ ಅಲ್ಲಿಗೆ ಹೋದರೆ 'ಕೀಲು ಜಾರಿದೆ' ಎಂದು ಸಿಕ್ಕಿಕೊಂಡ ಕಾಲನ್ನು ಎಳೆದು ನೆಟ್ಟಗೆ ಮಾಡಲು ಹೋಗುತ್ತಾರೆ. ದಯವಿಟ್ಟು ಬಿಡಬೇಡಿ. ಸಿಕ್ಕಿಕೊಂಡಿರುವ ಮಂಡಿಗೆ ಕಾಯುವ ವ್ಯವಧಾನವಿಲ್ಲ. ಈ ವಾರವೇ ಹೋಗಿ.

ಪ್ರಶ್ನೆ: ಅಮ್ಮನಿಗೆ 62. ಮಂಡಿ ನೋವು ಅಂತ ನೇರವಾಗಿ ಎಂಆರ್‌ಐ ಮಾಡಿಸಿದೆವು. 'ಮೆನಿಸ್ಕಸ್ ಗ್ರೇಡ್ 2' ಎಂದಿದೆ. ಆಪರೇಷನ್ ಬೇಕಾ? (ಶ್ರೀನಿವಾಸಪುರ)

ಮೇಲಿನ ಉತ್ತರ ಓದಿ ಎಲ್ಲರೂ ಎಂಆರ್‌ಐಗೆ ಓಡುತ್ತೀರಿ ಎಂಬ ಭಯ ನನಗಿತ್ತು, ನೀವು ಓದುವ ಮುಂಚೆಯೇ ಓಡಿದ್ದೀರಿ. ಗ್ರೇಡ್ 2 ಹರಿದದ್ದಲ್ಲ, ವಯಸ್ಸಿನ ಗುರುತು. ಹರಿದಿದ್ದರೂ ಗಾಬರಿ ಬೇಡ: ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 50 ದಾಟಿದ 991 ಜನರ ಮಂಡಿಗೆ ಎಂಆರ್‌ಐ ಮಾಡಿ 2008ರಲ್ಲಿ ವರದಿ ಮಾಡಿದರು. ಮೆನಿಸ್ಕಸ್ ಹರಿದಿದ್ದವರಲ್ಲಿ 61 ಶೇಕಡ ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ. ನಿಮ್ಮ ತಾಯಿಗೆ ಬೇಕಿದ್ದುದು ಸಾದಾ ಎಕ್ಸ್-ರೇ, ಆದರೆ ನಿಲ್ಲಿಸಿ ತೆಗೆದದ್ದು. ಮಲಗಿಸಿ ತೆಗೆದರೆ ಮೈಭಾರ ಬೀಳದೆ ಸಂದು ಸುಳ್ಳೇ ಅಗಲವಾಗಿ ಕಾಣುತ್ತದೆ, ಸವೆತ ಗೊತ್ತಾಗುವುದಿಲ್ಲ. ಚೀಟಿಯಲ್ಲಿ 'ನಿಂತು' ಎಂದು ಬರೆದಿಲ್ಲದಿದ್ದರೆ ಟೆಕ್ನೀಷಿಯನ್‌ಗೆ ನೀವೇ ಕೇಳಿ. ಆಮೇಲೆ ತೊಡೆ ವ್ಯಾಯಾಮ, ತೂಕ ಇಳಿಸುವುದು. ಕತ್ತರಿ ಈಗ ಬೇಡ.

ಪ್ರಶ್ನೆ: ಬೋರ್‌ವೆಲ್ ನೀರಿನ ಫ್ಲೋರೈಡ್ ಎಕ್ಸ್-ರೇಯಲ್ಲಿ ಕಾಣುತ್ತಾ? (ಬಾಗೇಪಲ್ಲಿ)

ಮೂಳೆಗೆ ಹತ್ತಿದ ಮೇಲೆ ಕಾಣುತ್ತದೆ: ಮೂಳೆ ಅತಿ ಬಿಳುಪು, ಲಿಗಮೆಂಟ್ ಅಂಟಿಕೊಳ್ಳುವ ಕಡೆ ಸುಣ್ಣ ಕಟ್ಟಿದಂತೆ ಗಂಟು. ನಮ್ಮ ಕಡೆಯ ಫಿಲಂಗಳಲ್ಲಿ ಇದನ್ನು ನೋಡುತ್ತಲೇ ಇದ್ದೇನೆ. ನೀರು ಪರೀಕ್ಷೆ ಮಾಡಿಸಿ; ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆ ನಂಬಿಕೆ ಬಿಡಿ.

ಪ್ರಶ್ನೆ: ಮಂಡಿಯಲ್ಲಿ ಗ್ರೀಸ್ ಕಡಿಮೆಯಾಗಿದೆ ಎಂದು ಎಣ್ಣೆ ಕೊಟ್ಟಿದ್ದಾರೆ, ಹಚ್ಚಬಹುದಾ? (ಮಾಲೂರು)

ಮಂಡಿ ಟ್ರ್ಯಾಕ್ಟರ್ ಅಲ್ಲ. ಹಚ್ಚಿದ ಎಣ್ಣೆ ಕೀಲಿನೊಳಕ್ಕೆ ಇಳಿಯುವುದೂ ಇಲ್ಲ.

ಪ್ರಶ್ನೆ: ಒಂದು ಎಕ್ಸ್-ರೇಯಿಂದ ಕ್ಯಾನ್ಸರ್ ಬರುತ್ತಾ? (ಚಿಂತಾಮಣಿ)

ಸುಮ್ಮನೆ ಮನೆಯಲ್ಲಿ ಕೂತಿದ್ದರೂ ನೆಲದಿಂದ, ಆಕಾಶದಿಂದ ಒಂದು ದಿನಕ್ಕೆ ಬೀಳುವ ವಿಕಿರಣದಷ್ಟೇ ಮಂಡಿಯ ಒಂದು ಎಕ್ಸ್-ರೇ. ಹೆದರಬೇಡಿ.

ಪ್ರಶ್ನೆ: ಎಕ್ಸ್-ರೇ ಫೋಟೊ ವಾಟ್ಸಾಪ್ ಮಾಡಲಾ? (ಹೆಸರು, ಊರು ಬರೆದಿಲ್ಲ)

ಬೇಡ. ಮಂಡಿಯನ್ನು ಕರೆದುಕೊಂಡು ಬನ್ನಿ.

ಪ್ರಶ್ನೆ: ಮೆಟ್ಟಿಲು ಹತ್ತುವಾಗ ಮಂಡಿ 'ಲಟಕ್' ಅನ್ನುತ್ತೆ, ನೋವಿಲ್ಲ. ಅಂತರಗಂಗೆ ಬೆಟ್ಟಕ್ಕೆ ಹೋಗಬಹುದಾ? (ಕೋಲಾರ)

ಹೋಗಿ. ನೋವು, ಊತ ಇಲ್ಲದ ಸದ್ದಿಗೆ ಔಷಧವೂ ಬೇಡ, ಎಕ್ಸ್-ರೇಯೂ ಬೇಡ. ಇಳಿದು ಬಂದ ಮಾರನೇ ದಿನ ಮಂಡಿ ಊದಿದ್ದರೆ ಆವಾಗ ಬನ್ನಿ, ನೋಡೋಣ.